ಕಾರು ಕಂಪನಿಯ ಗುಮಾಸ್ತ, ಹಿಮದೊಳಗಿನ ಹುಲ್ಲುಕಡ್ಡಿ: ಹ್ಯಾರಿ ಕ್ಯಾಲಹನ್ ಬದುಕಿನ ಕಥೆ

ಡೆಟ್ರಾಯಿಟ್ ಅಂದರೆ ಕಾರು. ಅಮೆರಿಕದ ಮಿಷಿಗನ್ ರಾಜ್ಯದ ಈ ಊರಿನಲ್ಲಿ ಫೋರ್ಡ್, ಜನರಲ್ ಮೋಟಾರ್ಸ್, ಕ್ರೈಸ್ಲರ್ ಎಂಬ ಮೂರು ದೊಡ್ಡ ಕಂಪನಿಗಳು ಬೆಳೆದವು. ಹೊಲ ಬಿಟ್ಟವರು, ಸಾಲ ಮಾಡಿದವರು, ದೂರದ ದೇಶಗಳಿಂದ ಹಡಗು ಹತ್ತಿದವರು ಎಲ್ಲರೂ ಕೆಲಸ ಹುಡುಕಿಕೊಂಡು ಅಲ್ಲಿಗೆ ಬಂದರು. ಇವತ್ತಿನ ಗಲ್ಫ್‌ನ ಕಥೆ ಹೇಗೋ, ನೂರು ವರ್ಷದ ಹಿಂದಿನ ಡೆಟ್ರಾಯಿಟ್ ಕಥೆಯೂ ಹೆಚ್ಚುಕಡಿಮೆ ಹಾಗೆಯೇ.

ಬೇಸಾಯದ ಹಿನ್ನೆಲೆಯಿಂದ ಬಂದು ಆ ಊರು ಸೇರಿದ ಒಂದು ಸಾಮಾನ್ಯ ಕುಟುಂಬದಲ್ಲಿ 1912ರ ಅಕ್ಟೋಬರ್ 22ರಂದು ಹುಟ್ಟಿದ ಹುಡುಗ ಹ್ಯಾರಿ ಕ್ಯಾಲಹನ್. ಮುಂದೆ ಇವರು ಅಮೆರಿಕದ ಅತಿ ದೊಡ್ಡ ಫೋಟೋಗ್ರಾಫರ್‌ಗಳಲ್ಲಿ ಒಬ್ಬರು ಅಂತ ಹೆಸರಾದರು. ಆದರೆ ಶುರುವಿನಲ್ಲಿ ಫೋಟೋಗ್ರಫಿ ಇವರ ಕಸುಬೇ ಆಗಿರಲಿಲ್ಲ. ಡ್ಯೂಟಿ ಮುಗಿದ ಮೇಲಿನ ಹವ್ಯಾಸ, ಅಷ್ಟೇ. ಇವರು ತೆಗೆದದ್ದೂ ದೊಡ್ಡ ದೊಡ್ಡ ದೃಶ್ಯಗಳನ್ನಲ್ಲ. ಹಿಮದಲ್ಲಿ ಒಣಗಿ ನಿಂತ ಕಳೆಗಿಡ, ನೀರಿನ ಮೇಲಿನ ಬಿಸಿಲು, ಹೆಂಡತಿಯ ಮುಖ. ಎಲ್ಲವೂ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಇದ್ದವು.

ಅರ್ಧಕ್ಕೆ ನಿಂತ ಓದು, ಕ್ರೈಸ್ಲರ್‌ನ ಕೆಲಸ

ಹ್ಯಾರಿ ಬೆಳೆದದ್ದು ಡೆಟ್ರಾಯಿಟ್ ಪಕ್ಕದ ರಾಯಲ್ ಓಕ್ ಎಂಬಲ್ಲಿ. ಮಿಷಿಗನ್ ಸ್ಟೇಟ್ ಕಾಲೇಜಿಗೆ ಸೇರಿ ಎಂಜಿನಿಯರಿಂಗ್ ಓದಲು ಹೊರಟರು. ಓದು ಹಿಡಿಸಲಿಲ್ಲ, ಡಿಗ್ರಿ ಕೈಗೆ ಬರಲಿಲ್ಲ. 1930ರ ದಶಕದ ಆರ್ಥಿಕ ಕುಸಿತದ ಕಾಲ ಅದು. ಕೆಲಸ ಸಿಕ್ಕರೆ ಸಾಕು ಎನ್ನುವ ಪರಿಸ್ಥಿತಿ. ಹ್ಯಾರಿಗೆ ಕ್ರೈಸ್ಲರ್ ಕಂಪನಿಯಲ್ಲಿ ಸರಕು ಸಾಗಣೆಯ ಲೆಕ್ಕ ಬರೆಯುವ ಗುಮಾಸ್ತನ ಕೆಲಸ ಸಿಕ್ಕಿತು. ಗಲ್ಫ್ ಭಾಷೆಯಲ್ಲಿ ಹೇಳಬೇಕೆಂದರೆ ಶಿಪ್ಪಿಂಗ್ ಕ್ಲರ್ಕ್.

ಅದಕ್ಕೂ ಮೊದಲು, 1933ರಲ್ಲಿ, ಸ್ನೇಹಿತರು ಏರ್ಪಡಿಸಿದ ಒಂದು ಭೇಟಿಯಲ್ಲಿ ಎಲಿನರ್ ನ್ಯಾಪ್ ಎಂಬ ಯುವತಿಯ ಪರಿಚಯವಾಗಿತ್ತು. ಆಕೆಯೂ ಕ್ರೈಸ್ಲರ್‌ನಲ್ಲಿ ಸೆಕ್ರೆಟರಿಯಾಗಿ ದುಡಿದವರು. 1936ರಲ್ಲಿ ಇಬ್ಬರ ಮದುವೆಯಾಯಿತು. ಈ ಮದುವೆ ಹ್ಯಾರಿ ಸಾಯುವ ತನಕ, 60 ವರ್ಷಕ್ಕೂ ಮೀರಿ ಉಳಿಯಿತು. ಆ ಫೋಟೋಗಳ ಹಿಂದೆ ಎಲಿನರ್ ಸಂಬಳವೂ ಎಷ್ಟಿತ್ತು ಎಂಬುದು ಮುಂದೆ ಗೊತ್ತಾಗುತ್ತದೆ.

1938ರಲ್ಲಿ ಹ್ಯಾರಿಗೆ ಮೂವಿ ಕ್ಯಾಮರಾ ಕೊಳ್ಳುವ ಆಸೆ ಹುಟ್ಟಿತು. ಬೆಲೆ ಕೇಳಿ ಕೈಬಿಟ್ಟರು. ಅದರ ಬದಲು ರೋಲಿಕಾರ್ಡ್ ಎಂಬ ಸ್ಟಿಲ್ ಕ್ಯಾಮರಾ ತಂದರು. ಒಂದರ ಮೇಲೊಂದು ಎರಡು ಲೆನ್ಸ್ ಇರುವ ಪೆಟ್ಟಿಗೆಯಂಥ ಕ್ಯಾಮರಾ. ಮೇಲಿನ ಲೆನ್ಸ್‌ನಲ್ಲಿ ನೋಡುವುದು, ಕೆಳಗಿನದರಲ್ಲಿ ಫೋಟೋ ಬೀಳುವುದು. ಕಂಪನಿಯ ಉದ್ಯೋಗಿಗಳೇ ಸೇರಿ ನಡೆಸುತ್ತಿದ್ದ ಕ್ರೈಸ್ಲರ್ ಕ್ಯಾಮರಾ ಕ್ಲಬ್ ಸೇರಿಕೊಂಡರು. ಅಲ್ಲಿ ಜೊತೆಯಾದವರು ಟಾಡ್ ವೆಬ್. 1929ರ ಷೇರುಪೇಟೆ ಕುಸಿತದಲ್ಲಿ ಎಲ್ಲ ಕಳೆದುಕೊಂಡು, ಚಿನ್ನ ಹುಡುಕಲು ಅಲೆದು, ಕೊನೆಗೆ ಕ್ರೈಸ್ಲರ್‌ಗೆ ಬಂದು ಸೇರಿದ್ದ ಮನುಷ್ಯ. ಸಂಜೆ, ಭಾನುವಾರ ಇಬ್ಬರಿಗೂ ಇದೇ ಮಾತು, ಇದೇ ಹುಚ್ಚು. ಮುಂದೆ ವೆಬ್ ಕೂಡ ಹೆಸರಾಂತ ಫೋಟೋಗ್ರಾಫರ್ ಆದರು.

1941ರ ಆ ಪಾಠ

ಆ ಕಾಲದ ಕ್ಯಾಮರಾ ಕ್ಲಬ್‌ಗಳಲ್ಲಿ ಒಳ್ಳೆಯ ಫೋಟೋ ಎಂದರೆ ಪೇಂಟಿಂಗ್ ಹಾಗೆ ಕಾಣಬೇಕು ಎಂಬ ರೂಢಿ ಇತ್ತು. ಮಸುಕು ಬೆಳಕು, ತಿದ್ದಿದ ಪ್ರಿಂಟು, ಸ್ಪರ್ಧೆ, ಬಹುಮಾನ. ಹ್ಯಾರಿಗೆ ಅದು ಒಗ್ಗುತ್ತಿರಲಿಲ್ಲ. ಆದರೆ ಬೇರೆ ದಾರಿ ಯಾವುದು ಅಂತಲೂ ತಿಳಿದಿರಲಿಲ್ಲ.

1941ರಲ್ಲಿ ಆನ್ಸೆಲ್ ಆಡಮ್ಸ್ ಡೆಟ್ರಾಯಿಟ್‌ಗೆ ಬಂದರು. ಕ್ಯಾಲಿಫೋರ್ನಿಯಾದ ಪರ್ವತಗಳ ಫೋಟೋಗಳಿಂದ ಪ್ರಸಿದ್ಧರಾದ ಆಡಮ್ಸ್, ಡೆಟ್ರಾಯಿಟ್ ಫೋಟೋ ಗಿಲ್ಡ್ ಎಂಬ ಹವ್ಯಾಸಿಗಳ ಸಂಘದಲ್ಲಿ ಪಾಠ ಮಾಡಿದರು. ಹ್ಯಾರಿ, ವೆಬ್ ಇಬ್ಬರೂ ಕೇಳಿಸಿಕೊಂಡರು. ಆಡಮ್ಸ್ ತಂದಿದ್ದ ಪ್ರಿಂಟುಗಳಲ್ಲಿ ಒಂದೊಂದು ಗೆರೆಯೂ ಚೂಪಾಗಿ, ಶುದ್ಧವಾಗಿ ಕಾಣುತ್ತಿತ್ತು. ತಿದ್ದುವಿಕೆ ಇಲ್ಲ, ಮಸುಕು ಇಲ್ಲ. ಎಲ್ಲವೂ ದೊಡ್ಡ ಬೆಟ್ಟಗಳಲ್ಲ. ದಡದ ಮರಳು, ಅಲೆಯ ನೊರೆ, ಕಾಲ ಬಳಿ ಇರುವ ಸಣ್ಣ ಸಂಗತಿಗಳೂ ಇದ್ದವು. ಫೋಟೋ ತೆಗೆಯಲು ಬೆಟ್ಟ ಹತ್ತಲೇಬೇಕೆಂದಿಲ್ಲ ಎಂಬುದು ಹ್ಯಾರಿಗೆ ಹೊಳೆಯಿತು. ಮರಳಿನ ಮೇಲಿನ ಒಂದು ಹೆಜ್ಜೆಗುರುತನ್ನು ಹತ್ತಿರದಿಂದ ನೋಡಿದರೆ ಅದೇ ಒಂದು ಮರಳುದಿಬ್ಬ.

ಆ ವರ್ಷದ ಬೇಸಿಗೆಯಲ್ಲಿ ಹ್ಯಾರಿ, ವೆಬ್ ಜೊತೆಗೂಡಿ ಕೊಲರಾಡೊದ ರಾಕಿ ಪರ್ವತಗಳಿಗೆ ಹೋದರು. ಆ ಬೃಹತ್ ದೃಶ್ಯಗಳು ತನ್ನ ಪಾಲಿನವಲ್ಲ ಎಂಬುದು ಹ್ಯಾರಿಗೆ ಅಲ್ಲಿ ಖಾತ್ರಿಯಾಯಿತು. ಡೆಟ್ರಾಯಿಟ್‌ಗೆ ವಾಪಸ್ ಬಂದು ಮನೆಯ ಹತ್ತಿರದ ಕೆರೆಯಂಚು, ಖಾಲಿ ಸೈಟು, ಪಾರ್ಕುಗಳಲ್ಲಿ ಹುಡುಕಲು ಶುರುಮಾಡಿದರು. ಅವರಿಗೆ ಬೇಕಾದದ್ದು ಸಿಕ್ಕಿದ್ದು ಅಲ್ಲೇ.

ಕ್ಲೋಸ್-ಅಪ್ ಎಂಬ ಕಷ್ಟದ ಕೆಲಸ

ಸಣ್ಣ ವಸ್ತುವನ್ನು ಹತ್ತಿರದಿಂದ ತೆಗೆಯುವುದು ಸುಲಭ ಅಂತ ಅನಿಸಬಹುದು. ಮಾಡಿ ನೋಡಿದವರಿಗೆ ಗೊತ್ತು. ರೋಲಿಕಾರ್ಡ್‌ನಂಥ ಕ್ಯಾಮರಾ ಹೆಚ್ಚುಕಡಿಮೆ ಒಂದು ಮೀಟರ್‌ಗಿಂತ ಹತ್ತಿರಕ್ಕೆ ಫೋಕಸ್ ಆಗುವುದಿಲ್ಲ. ಅದಕ್ಕೆ ಬೇರೆ ಲೆನ್ಸ್ ಸಿಕ್ಕಿಸಬೇಕು. ಮೇಲಾಗಿ ನೋಡುವ ಲೆನ್ಸ್ ಒಂದು, ತೆಗೆಯುವ ಲೆನ್ಸ್ ಇನ್ನೊಂದು. ವಸ್ತು ಹತ್ತಿರವಾದಷ್ಟೂ ಕಣ್ಣಿಗೆ ಕಂಡದ್ದಕ್ಕೂ ಫಿಲ್ಮಿಗೆ ಬಿದ್ದದ್ದಕ್ಕೂ ವ್ಯತ್ಯಾಸ ಜಾಸ್ತಿ.

ಹ್ಯಾರಿ ದೊಡ್ಡ ಕ್ಯಾಮರಾಗಳತ್ತ ತಿರುಗಿದರು. 8 ಇಂಚು ಅಗಲ, 10 ಇಂಚು ಉದ್ದದ ಫಿಲ್ಮ್ ಹಾಕುವ ಕ್ಯಾಮರಾವನ್ನೂ ಬಳಸಿದರು. ಹಾರ್ಮೋನಿಯಂ ತಿದಿಯ ಹಾಗೆ ಹಿಗ್ಗುವ ಬೆಲ್ಲೋಸ್ ಇದರಲ್ಲಿ ಇರುತ್ತದೆ. ಹಿಂದಿನ ಗಾಜಿನ ಮೇಲೆ ಚಿತ್ರ ತಲೆಕೆಳಗಾಗಿ ಮೂಡುತ್ತದೆ, ಆದರೆ ಲೆನ್ಸ್ ನೋಡಿದ್ದನ್ನೇ ಕಣ್ಣೂ ನೋಡುತ್ತದೆ. ಬೆಲ್ಲೋಸ್ ಎಳೆದಷ್ಟೂ ಹತ್ತಿರದ ವಸ್ತು ಫೋಕಸ್‌ಗೆ ಬರುತ್ತದೆ. ವಸ್ತುವಿನ ನಿಜ ಗಾತ್ರವೇ ಫಿಲ್ಮ್ ಮೇಲೆ ಬೀಳಬೇಕಾದರೆ ಬೆಲ್ಲೋಸನ್ನು ಲೆನ್ಸಿನ ಫೋಕಲ್ ದೂರದ ಎರಡರಷ್ಟು ಎಳೆಯಬೇಕು. ಆಗ ಫಿಲ್ಮಿಗೆ ತಲುಪುವ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ, ಎಕ್ಸ್‌ಪೋಷರ್ ನಾಲ್ಕು ಪಟ್ಟು ಬೇಕಾಗುತ್ತದೆ. ಇಂದು ಮ್ಯಾಕ್ರೋ ಎಂದು ಕರೆಯುವುದು ಸರಿಯಾಗಿ ಹೇಳಬೇಕೆಂದರೆ ಇದನ್ನೇ. ಅದಕ್ಕಿಂತ ಸ್ವಲ್ಪ ದೂರ ನಿಂತು ತೆಗೆದದ್ದು ಕ್ಲೋಸ್-ಅಪ್. ಹ್ಯಾರಿಯ ಹುಲ್ಲು, ಗಿಡದ ಫೋಟೋಗಳು ಹೆಚ್ಚಾಗಿ ಈ ಎರಡನೇ ಗುಂಪಿನವು.

ಇನ್ನೊಂದು ತೊಂದರೆ ಗಾಳಿಯದ್ದು. ಹತ್ತಿರ ಹೋದಷ್ಟೂ ಫೋಕಸ್‌ನಲ್ಲಿ ಇರುವ ಪದರ ತೆಳ್ಳಗಾಗುತ್ತದೆ. ಅದನ್ನು ದಪ್ಪ ಮಾಡಲು ಲೆನ್ಸಿನ ಕಿಂಡಿ ಸಣ್ಣ ಮಾಡಬೇಕು. ಕಿಂಡಿ ಸಣ್ಣದಾದರೆ ಬೆಳಕು ಕಡಿಮೆ, ಹೆಚ್ಚು ಹೊತ್ತು ತೆರೆದಿಡಬೇಕು. ಅಷ್ಟರಲ್ಲಿ ಒಂದು ಸಣ್ಣ ಗಾಳಿ ಬಂದು ಹುಲ್ಲು ಅಲುಗಾಡಿದರೆ ಎಲ್ಲ ಮುಗಿಯಿತು. ಆದ್ದರಿಂದ ಕಾಯಬೇಕು. ಮೂಡಿಗೆರೆಯಲ್ಲಿ ಹಕ್ಕಿಗಳಿಗಾಗಿ ಕ್ಯಾಮರಾ ಹಿಡಿದು ಕಾಯುತ್ತಿದ್ದ ನಮ್ಮ ಪೂರ್ಣಚಂದ್ರ ತೇಜಸ್ವಿಯವರನ್ನು ನೆನೆದರೆ ಈ ಕಾಯುವಿಕೆ ಎಂಥದ್ದು ಅಂತ ಕನ್ನಡಿಗರಿಗೆ ಬೇರೆ ಹೇಳಬೇಕಾಗಿಲ್ಲ.

ಡೆಟ್ರಾಯಿಟ್‌ನ ಚಳಿಗಾಲದಲ್ಲಿ ಹಿಮ ಬಿದ್ದಾಗ ನೆಲದ ಕಸ, ಕಲ್ಲು, ಬಣ್ಣ ಎಲ್ಲವೂ ಮುಚ್ಚಿಹೋಗುತ್ತದೆ. ಉಳಿಯುವುದು ಬಿಳಿ ಹಾಳೆ, ಅದರ ಮೇಲೆ ಒಣ ಗಿಡದ ಕಪ್ಪು ಗೆರೆಗಳು. 1943ರಲ್ಲಿ ಹ್ಯಾರಿ ತೆಗೆದ ಹಿಮದೊಳಗಿನ ಕಳೆಗಿಡಗಳ ಫೋಟೋ ಇಂಕಿನ ಪೆನ್ನಿನಲ್ಲಿ ಯಾರೋ ಗೀಚಿದ ಹಾಗಿದೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಬೆಳಕು ಅಳೆಯುವ ಮೀಟರ್ ಬಿಳಿಯನ್ನು ಬೂದು ಎಂದು ತಿಳಿದುಕೊಳ್ಳುತ್ತದೆ. ಅದು ಹೇಳಿದ ಹಾಗೇ ತೆಗೆದರೆ ಹಿಮ ಕೊಳಕಾಗಿ ಕಾಣುತ್ತದೆ. ಬೇಕೆಂದೇ ಹೆಚ್ಚು ಬೆಳಕು ಕೊಡಬೇಕು. ಮರುಭೂಮಿಯ ಹೊಳೆಯುವ ಮರಳಿಗೂ ಇದೇ ಲೆಕ್ಕ. ಮರಳಿನ ಮೇಲೆ ನಿಂತ ಗಿಡವನ್ನು ಮೊಬೈಲಿನಲ್ಲಿ ತೆಗೆದಾಗ ಫೋಟೋ ಮಂಕಾಗಿ ಬಂದರೆ ಕಾರಣ ಇದೇ. ಸ್ಕ್ರೀನ್ ಮುಟ್ಟಿ ಬೆಳಕು ಒಂದಿಷ್ಟು ಏರಿಸಿದರೆ ಸರಿಹೋಗುತ್ತದೆ.

ಕೆಲಸ ಬಿಟ್ಟ ಆರು ತಿಂಗಳು

ಯುದ್ಧದ ಕೊನೆಯ ವರ್ಷಗಳಲ್ಲಿ ಹ್ಯಾರಿ ಜನರಲ್ ಮೋಟಾರ್ಸ್‌ನ ಫೋಟೋ ಲ್ಯಾಬ್‌ಗೆ ಹೋದರು. ಹಗಲೆಲ್ಲ ಬೇರೆಯವರ ಫಿಲ್ಮ್ ತೊಳೆಯುವುದು, ಉಳಿದ ಹೊತ್ತಿನಲ್ಲಿ ತನ್ನದು. 1945ರಲ್ಲಿ ಧೈರ್ಯ ಮಾಡಿ ಆ ಕೆಲಸವನ್ನೂ ಬಿಟ್ಟು ನ್ಯೂಯಾರ್ಕ್‌ಗೆ ಹೊರಟರು. ಆರು ತಿಂಗಳು ಅಲ್ಲಿದ್ದರು. ನೆಲೆ ಸಿಗಲಿಲ್ಲ. ಮತ್ತೆ ಡೆಟ್ರಾಯಿಟ್‌ಗೆ ವಾಪಸ್. ವಯಸ್ಸು 33, ಡಿಗ್ರಿ ಇಲ್ಲ, ಕೈಯಲ್ಲಿ ಕೆಲಸವೂ ಇಲ್ಲ. ಹೊರಗೆ ಹೋಗಿ ಏನೂ ಆಗದೆ ಹಿಂದಿರುಗುವುದು ಹೇಗಿರುತ್ತದೆ ಅಂತ ಪರದೇಶದಲ್ಲಿ ದುಡಿಯುವವರಿಗೆ ಬಿಡಿಸಿ ಹೇಳಬೇಕಿಲ್ಲ.

ಆಗ ಕೈ ಹಿಡಿದವರು ಡೆಟ್ರಾಯಿಟ್‌ನ ಹಳೆಯ ಗೆಳೆಯ ಆರ್ಥರ್ ಸೀಗಲ್. ಷಿಕಾಗೋದ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್ ಎಂಬ ಶಾಲೆಯಲ್ಲಿ ಫೋಟೋಗ್ರಫಿ ವಿಭಾಗ ಕಟ್ಟುವ ಕೆಲಸ ಅವರದಾಗಿತ್ತು. ಆ ಶಾಲೆಯನ್ನು ಶುರುಮಾಡಿದವರು ಲಾಸ್ಲೋ ಮೊಹೊಲಿ-ನಾಗಿ. ಹಂಗೇರಿಯಲ್ಲಿ ಹುಟ್ಟಿ, ಜರ್ಮನಿಯ ಬೌಹೌಸ್ ಶಾಲೆಯಲ್ಲಿ ಪಾಠ ಹೇಳಿ, ಊರೂರು ತಿರುಗಿ 1937ರಲ್ಲಿ ಷಿಕಾಗೋಗೆ ಬಂದಿದ್ದ ವಲಸಿಗ. ಅವರು ಹ್ಯಾರಿಯ ಫೋಟೋಗಳನ್ನು ನೋಡಿದರು, ಸರ್ಟಿಫಿಕೇಟ್ ಇಲ್ಲದಿರುವುದು ಅಡ್ಡ ಬರಲಿಲ್ಲ. 1946ರಲ್ಲಿ ಹ್ಯಾರಿ ಮೇಷ್ಟರಾದರು. ಅದೇ ವರ್ಷ ನವೆಂಬರ್‌ನಲ್ಲಿ ಮೊಹೊಲಿ-ನಾಗಿ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡರು. ಕೆಲಸ ಕೊಟ್ಟವರು ಹೋದರು. ಹ್ಯಾರಿ ಮಾತ್ರ ಮುಂದಿನ 15 ವರ್ಷ ಷಿಕಾಗೋದಲ್ಲೇ ಉಳಿದರು.

ಷಿಕಾಗೋದ ಬೀದಿ, ಸರೋವರ, ಸಂಸಾರ

ಮಾತು ಕಡಿಮೆಯ ಮೇಷ್ಟರು. ಭಾಷಣ ಮಾಡುತ್ತಿರಲಿಲ್ಲ. ಪಾಠದ ಟಿಪ್ಪಣಿ, ಡೈರಿ ಎಂದು ಬರೆದಿಟ್ಟದ್ದೂ ಇಲ್ಲವೆನ್ನುವಷ್ಟು ಕಡಿಮೆ. ತಾನು ದಿನಾ ಮಾಡುತ್ತಿದ್ದ ಕೆಲಸವೇ ವಿದ್ಯಾರ್ಥಿಗಳಿಗೆ ಪಾಠ. ಬೆಳಗ್ಗೆ ಎದ್ದು ಕ್ಯಾಮರಾ ಹಿಡಿದು ನಡೆಯುವುದು, ಮಧ್ಯಾಹ್ನದ ಮೇಲೆ ಆ ದಿನದ ಒಳ್ಳೆಯ ನೆಗೆಟಿವ್‌ಗಳ ಪರೀಕ್ಷಾ ಪ್ರಿಂಟು ಹಾಕುವುದು. ಹೀಗೆ ವರ್ಷವಿಡೀ ದುಡಿದರೂ ಕೊನೆಗೆ ತನ್ನದು ಎಂದು ಒಪ್ಪಿಕೊಳ್ಳುತ್ತಿದ್ದ ಚಿತ್ರಗಳು ವರ್ಷಕ್ಕೆ ಐದಾರು.

1949ರಲ್ಲಿ ಅವರು ಫೋಟೋಗ್ರಫಿ ವಿಭಾಗದ ಮುಖ್ಯಸ್ಥರಾದರು. 1951ರಲ್ಲಿ ಆರನ್ ಸಿಸ್ಕಿಂಡ್ ಜೊತೆ ಸೇರಿದರು. ಅವರೂ ಗೋಡೆಯ ಸುಣ್ಣ ಬಿರುಕುಬಿಟ್ಟದ್ದು, ಹರಿದ ಪೋಸ್ಟರ್ ಇಂಥವನ್ನು ಹತ್ತಿರದಿಂದ ತೆಗೆದು ಪ್ರಸಿದ್ಧರಾದವರು. ಇಬ್ಬರ ಕೈಯಲ್ಲಿ ಕಲಿತವರಲ್ಲಿ ರೇ ಮೆಟ್ಸ್‌ಕರ್, ಕೆನೆತ್ ಜೋಸೆಫ್‌ಸನ್ ಇದ್ದಾರೆ. ಹ್ಯಾರಿಯ ಶಿಷ್ಯ ಯಾಸುಹಿರೋ ಇಶಿಮೊಟೊ ಅಮೆರಿಕದಲ್ಲಿ ಹುಟ್ಟಿದ ಜಪಾನಿ. ಯುದ್ಧಕಾಲದಲ್ಲಿ ಜಪಾನಿ ಮೂಲದವರನ್ನು ಕೂಡಿಹಾಕಿದ ಕೊಲರಾಡೊದ ಕ್ಯಾಂಪಿನಲ್ಲಿ ಇದ್ದು ಬಂದ ಈ ಹುಡುಗ ಮುಂದೆ ಜಪಾನಿನ ದೊಡ್ಡ ಫೋಟೋಗ್ರಾಫರ್ ಆದ.

1948ರಲ್ಲಿ ಹ್ಯಾರಿ ಡೆಟ್ರಾಯಿಟ್‌ನಲ್ಲಿ ತೆಗೆದ ಇನ್ನೊಂದು ಫೋಟೋ ಇದೆ. ಆಕಾಶದ ಎದುರು ನಿಂತ ಒಂದೇ ಒಂದು ಕಳೆಗಿಡ. ಹಿನ್ನೆಲೆ ಪೂರ್ತಿ ಬಿಳಿ. ನಡುವೆ ತೆಳ್ಳನೆಯ ಕೆಲವು ಗೆರೆಗಳು, ಅಷ್ಟೇ. ನಮ್ಮ ಗದ್ದೆಯ ಬದುವಿನಲ್ಲಿ ದಿನಕ್ಕೆ ನೂರು ಸಲ ತುಳಿದು ಹೋಗುವಂಥ ಗಿಡ. ಕೆಳಗೆ ಕೂತು, ಆಕಾಶವನ್ನು ಹಿಂದಕ್ಕೆ ಇಟ್ಟುಕೊಂಡು ನೋಡಿದವರು ಒಬ್ಬರು. ಇಂದು ಆ ಚಿತ್ರ ಮ್ಯೂಸಿಯಂಗಳಲ್ಲಿದೆ.

1950ರಲ್ಲಿ ಷಿಕಾಗೋದ ಸ್ಟೇಟ್ ಸ್ಟ್ರೀಟ್‌ನಲ್ಲಿ ಅವರು ಮನುಷ್ಯರ ಮುಖಗಳ ಕ್ಲೋಸ್-ಅಪ್ ತೆಗೆದರು. ಸಣ್ಣ 35 ಎಂಎಂ ಕ್ಯಾಮರಾಕ್ಕೆ ಉದ್ದ ಲೆನ್ಸ್ ಹಾಕಿ, ಫೋಕಸನ್ನು ಮೊದಲೇ ಹೊಂದಿಸಿಟ್ಟು, ಎದುರಿನಿಂದ ಬರುತ್ತಿದ್ದ ಹೆಂಗಸರು ಆ ದೂರಕ್ಕೆ ಬಂದಾಗ ಬಟನ್ ಒತ್ತುವುದು. ಶಾಪಿಂಗ್, ಬಸ್ಸು, ಮನೆಯ ಚಿಂತೆ, ತಮ್ಮದೇ ಯೋಚನೆಯಲ್ಲಿ ಮುಳುಗಿದ ಮುಖಗಳು. ಅವರಿಗೆ ಫೋಟೋ ತೆಗೆದದ್ದು ಗೊತ್ತೇ ಆಗಲಿಲ್ಲ. ಕಲೆಯ ಚರಿತ್ರೆಯಲ್ಲಿ ಈ ಸರಣಿಗೆ ದೊಡ್ಡ ಹೆಸರಿದೆ. ಆದರೆ ಒಂದು ಮಾತು: ಗಲ್ಫ್‌ನಲ್ಲಿ ಇದನ್ನು ಯಾರೂ ಪ್ರಯತ್ನಿಸಬಾರದು. ಯುಎಇಯಲ್ಲಿ ಒಪ್ಪಿಗೆ ಇಲ್ಲದೆ ಬೇರೆಯವರ ಫೋಟೋ ತೆಗೆಯುವುದು ಅಪರಾಧ. ಬೇರೆ ಗಲ್ಫ್ ದೇಶಗಳಲ್ಲೂ ಎಚ್ಚರ ಬೇಕು. ತಿಳಿಯದೆ ತೆಗೆದೆ ಅಂದರೂ ಕೆಲಸ, ವೀಸಾ ಎರಡಕ್ಕೂ ಕುತ್ತು ಬರಬಹುದು. ಹುಲ್ಲುಕಡ್ಡಿಗೆ ಆ ತಂಟೆ ಇಲ್ಲ.

ಎಲಿನರ್ ಪಾಲು

ಹ್ಯಾರಿಯ ಕ್ಯಾಮರಾ ಅತಿ ಹೆಚ್ಚು ಸಲ ನೋಡಿದ ಮುಖ ಎಲಿನರ್‌ದು. ಅಡುಗೆ ಮಾಡುತ್ತಿದ್ದರೂ, ಬೇರೆ ಕೆಲಸದಲ್ಲಿದ್ದರೂ ಕರೆದಾಗ ಬಂದು ನಿಲ್ಲುತ್ತಿದ್ದರು. 1949ರ ಒಂದು ಫೋಟೋದಲ್ಲಿ ಆಕೆ ಮಿಷಿಗನ್ ಸರೋವರದ ನೀರಿನಿಂದ ತಲೆ, ಭುಜ ಮಾತ್ರ ಮೇಲೆತ್ತಿ ಕಣ್ಣು ಮುಚ್ಚಿದ್ದಾರೆ, ಬಿಚ್ಚಿದ ಕೂದಲು ನೀರಿನ ಮೇಲೆ ಹರಡಿದೆ. ಹಿಮದ ಮೇಲಿನ ಹುಲ್ಲನ್ನು ನೋಡಿದ ಅದೇ ಕಣ್ಣು ಇಲ್ಲೂ ಕೆಲಸ ಮಾಡಿದೆ: ಹಿನ್ನೆಲೆ ಖಾಲಿ, ಗೆರೆಗಳು ಕಡಿಮೆ, ನಡುವೆ ಒಂದೇ ಸಂಗತಿ.

1950ರಲ್ಲಿ ಮಗಳು ಬಾರ್ಬರಾ ಹುಟ್ಟಿದಳು. ಆಮೇಲೆ ತಾಯಿ ಮಗಳು ಇಬ್ಬರೂ ಷಿಕಾಗೋದ ಪಾರ್ಕು, ಸರೋವರದ ದಡ, ಮನೆಯ ಕಿಟಕಿಯ ಬಳಿ ಫೋಟೋಗಳಲ್ಲಿ ಕಾಣತೊಡಗಿದರು. ಕೆಲವು ಚಿತ್ರಗಳಲ್ಲಿ ಅವರು ದೂರದಲ್ಲಿ, ದೊಡ್ಡ ಊರಿನ ನಡುವೆ ಸಣ್ಣ ಚುಕ್ಕೆಗಳ ಹಾಗಿದ್ದಾರೆ.

ಚಿತ್ರದಲ್ಲಿ ಕಾಣದ ವಿಷಯ ಒಂದಿದೆ. ಆ ವರ್ಷಗಳಲ್ಲಿ ಫೋಟೋದಿಂದ ಬರುತ್ತಿದ್ದ ಹಣ ಅಷ್ಟಕ್ಕಷ್ಟೇ. ಎಲಿನರ್ ಸೆಕ್ರೆಟರಿ ಕೆಲಸ ಮಾಡಿ ಸಂಸಾರಕ್ಕೆ ಆಸರೆಯಾದರು. ಬೆಳಗ್ಗೆ ಕ್ಯಾಮರಾ ಹಿಡಿದು ನಡೆಯುವ ಹ್ಯಾರಿಯ ಬಿಡುವಿನ ಹಿಂದೆ ಆಕೆಯ ಆಫೀಸು ಸಮಯವೂ ಇತ್ತು. ಊರಲ್ಲಿ ಮನೆ, ಮಕ್ಕಳು, ಅತ್ತೆ ಮಾವ ಎಲ್ಲರನ್ನೂ ನೋಡಿಕೊಳ್ಳುತ್ತಾ ಗಂಡ ಪರದೇಶದಲ್ಲಿ ದುಡಿಯಲು ದಾರಿ ಮಾಡಿಕೊಟ್ಟವರಿಗೆ ಎಲಿನರ್ ಪಾಲು ಎಂಥದ್ದೆಂದು ತಿಳಿಯುತ್ತದೆ. ಫೋಟೋಗಳ ಕೆಳಗೆ ಹೆಸರು ಹ್ಯಾರಿಯದು. ಆದರೆ ಅನೇಕ ಫೋಟೋಗಳ ಶೀರ್ಷಿಕೆಯೇ ಎಲಿನರ್.

ಷಿಕಾಗೋ ಬಿಟ್ಟ ಮೇಲೆ

1956ರಲ್ಲಿ ಷಿಕಾಗೋದ ಗ್ರಹಾಂ ಫೌಂಡೇಶನ್ ಹ್ಯಾರಿಗೆ 10,000 ಡಾಲರ್ ಸಹಾಯಧನ ಕೊಟ್ಟಿತು. ಸಂಸಾರ ಸಮೇತ ಫ್ರಾನ್ಸ್‌ನ ಏಕ್ಸ್-ಆನ್-ಪ್ರೊವಾನ್ಸ್ ಊರಿಗೆ ಹೋಗಿ 1957-58ರಲ್ಲಿ ಅಲ್ಲಿ ನೆಲೆಸಿದರು. ಅಲ್ಲೂ ತೆಗೆದದ್ದು ಹುಲ್ಲು, ಗಿಡ, ಎಲಿನರ್. ಒಂದೇ ಫಿಲ್ಮಿನ ಮೇಲೆ ಎರಡು ಚಿತ್ರ ಬೀಳಿಸಿ ಎಲಿನರ್ ಆಕೃತಿಯೊಳಗೆ ಗಿಡಗಳು ಬೆಳೆದ ಹಾಗೆ ಮಾಡಿದರು. 1961ರಲ್ಲಿ ಷಿಕಾಗೋ ಬಿಟ್ಟು ಪ್ರಾವಿಡೆನ್ಸ್‌ನ ರೋಡ್ ಐಲ್ಯಾಂಡ್ ಸ್ಕೂಲ್ ಆಫ್ ಡಿಸೈನ್ ಸೇರಿದರು, ನಿವೃತ್ತಿಯ ತನಕ ಅಲ್ಲೇ ಕಲಿಸಿದರು.

ಗೌರವಗಳು ಬಂದದ್ದು ತಡವಾಗಿ. 1976ರಲ್ಲಿ ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಅವರ ಜೀವಮಾನದ ಕೆಲಸದ ಪ್ರದರ್ಶನ ಏರ್ಪಡಿಸಿತು. 1978ರಲ್ಲಿ ವೆನಿಸ್ ಬಿಯೆನಾಲೆಯಲ್ಲಿ ಅವರು ಅಮೆರಿಕವನ್ನು ಪ್ರತಿನಿಧಿಸಿದರು. 1996ರಲ್ಲಿ ಅಮೆರಿಕ ಸರ್ಕಾರದ ನ್ಯಾಷನಲ್ ಮೆಡಲ್ ಆಫ್ ಆರ್ಟ್ಸ್ ಬಂತು. ಮಗಳಿದ್ದ ಅಟ್ಲಾಂಟಾದಲ್ಲಿ ಕೊನೆಯ ವರ್ಷಗಳನ್ನು ಕಳೆದು, 1999ರ ಮಾರ್ಚ್ 15ರಂದು 86ನೇ ವಯಸ್ಸಿನಲ್ಲಿ ತೀರಿಕೊಂಡರು.

ಅವರು ಬಿಟ್ಟುಹೋದದ್ದು ಸುಮಾರು 1 ಲಕ್ಷ ನೆಗೆಟಿವ್, 10,000ಕ್ಕೂ ಹೆಚ್ಚು ಪರೀಕ್ಷಾ ಪ್ರಿಂಟುಗಳು. ಅವು ಈಗ ಅರಿಜೋನಾ ವಿಶ್ವವಿದ್ಯಾಲಯದ ಸೆಂಟರ್ ಫಾರ್ ಕ್ರಿಯೇಟಿವ್ ಫೋಟೋಗ್ರಫಿಯಲ್ಲಿವೆ. 1 ಲಕ್ಷದಲ್ಲಿ ಹೆಚ್ಚಿನವು ಹ್ಯಾರಿಯೇ ಪಕ್ಕಕ್ಕಿಟ್ಟವು. ಮೊದಲ ಸಲ ಫೋಟೋ ಸರಿ ಬರದಿದ್ದರೆ ಮೊಬೈಲ್ ಜೇಬಿಗೆ ಹಾಕಿ ಸುಮ್ಮನಾಗುವವರು ಈ ಲೆಕ್ಕ ನೆನಪಿಡಬೇಕು.

ಇಂದು ಅನೇಕರ ಕೈಯಲ್ಲಿರುವ ಫೋನುಗಳಲ್ಲಿ ಮ್ಯಾಕ್ರೋ ಮೋಡ್ ಇದೆ. ಬೆಲ್ಲೋಸ್ ಬೇಡ, ಫಿಲ್ಮ್ ಖರ್ಚು ಇಲ್ಲ. ಲೆನ್ಸ್ ಒರೆಸಿಕೊಂಡು, ಗಾಳಿ ಏಳುವ ಮುಂಚಿನ ಬೆಳಗ್ಗೆ, ಮೊಣಕೈ ನೆಲಕ್ಕೆ ಊರಿ, ಹಿನ್ನೆಲೆಯಲ್ಲಿ ಬೇರೇನೂ ಬಾರದ ಹಾಗೆ ನೋಡಿಕೊಂಡರೆ ಕ್ಯಾಂಪಿನ ಗೋಡೆ ಬದಿಯ ಗಿಡವೂ ಸಾಕು. ಎಸಿ ಪೈಪಿನ ನೀರು ಬೀಳುವಲ್ಲಿ ಚಿಗುರಿದ ಹಸಿರು, ಬೇಲಿಯ ತಂತಿಗೆ ಕೂತ ಇಬ್ಬನಿ, ಮರಳಿನಲ್ಲಿ ಜೀರುಂಡೆ ನಡೆದ ಗುರುತು, ಹೀಗೆ ಬೇಕಾದಷ್ಟಿವೆ. ಊರಿಗೆ ಕಳಿಸುವ ಸೆಲ್ಫಿಗಳ ನಡುವೆ ಇಂಥದ್ದೂ ಒಂದು ಹೋದರೆ, ಇಲ್ಲಿನ ದಿನಗಳು ಹೇಗಿರುತ್ತವೆ ಅಂತ ಮನೆಯವರಿಗೆ ಬೇರೆ ರೀತಿಯಲ್ಲಿ ಗೊತ್ತಾಗುತ್ತದೆ.

ಎಲಿನರ್ ಗಂಡನ ನಂತರ 13 ವರ್ಷ ಬದುಕಿದ್ದು, 2012ರ ಫೆಬ್ರವರಿಯಲ್ಲಿ 95ನೇ ವಯಸ್ಸಿನಲ್ಲಿ ಅಟ್ಲಾಂಟಾದಲ್ಲಿ ತೀರಿಕೊಂಡರು. ಅಷ್ಟು ಹೊತ್ತಿಗೆ ಆಕೆಯ ಮುಖ ಜಗತ್ತಿನ ಅನೇಕ ಮ್ಯೂಸಿಯಂಗಳ ಗೋಡೆಗಳ ಮೇಲಿತ್ತು, ಡೆಟ್ರಾಯಿಟ್‌ನ ಆ ಕಳೆಗಿಡಗಳ ಜೊತೆಗೆ.